ಅತ್ತೆ ನೋಡಿದ ಇಂಗ್ಲಿಷ್ ಸಿನಿಮಾ

ಹೋದ ಭಾನುವಾರ ಮಧ್ಯಾಹ್ನ ಕಂಪ್ಲಿಯ ಒಂದು ಮನೆಯಲ್ಲಿ ಒಂದು ಪಡಸಾಲೆ ತುಂಬ ಹೆಂಗಸರು ಸೇರಿ ಒಬ್ಬ ಇಂಗ್ಲಿಷ್ ಗಂಡಸಿಗೆ ಬಾಯಿಗೆ ಬಂದಂತೆ ಬೈದರು. ಒಬ್ಬಾಕೆ "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಅಂದಳು. ಇನ್ನೊಬ್ಬಾಕೆ "ನಿನ್ನ ಹೆಣಾ ಎತ್ಲಿ" ಅಂದಳು. ಆ ಗಂಡಸು ಕೋಟು, ಟೈ ಹಾಕಿಕೊಂಡು, ಸಿಗರೇಟು ಸೇದುತ್ತ ಸುಮ್ಮನಿದ್ದ. ಅವನಿಗೆ ಕೇಳಿಸುವಂತಿರಲಿಲ್ಲ. ಅವನು ಟಿವಿಯಲ್ಲಿದ್ದ.

ಈ ಬೈಗುಳಕ್ಕೆಲ್ಲ ಕಾರಣ ನಾನು. ಅವನು ಏನು ಮಾಡುತ್ತಿದ್ದಾನೆ ಅಂತ ಕನ್ನಡದಲ್ಲಿ ಹೇಳುತ್ತಿದ್ದವಳು ನಾನೇ.

ಮೊದಲಿನಿಂದ ಹೇಳುತ್ತೇನೆ.

ನನ್ನ ದೊಡ್ಡಮ್ಮನ ಮಗಳು ಗೌರಕ್ಕನನ್ನು ಕಂಪ್ಲಿಗೆ ಕೊಟ್ಟಿದೆ. (ಗೌರಕ್ಕ ಅನ್ನುವುದು ಅವಳ ನಿಜವಾದ ಹೆಸರಲ್ಲ. ಹೆಸರು ಯಾಕೆ ಬದಲಿಸಿದೆ ಅನ್ನುವುದು ಓದುತ್ತ ಹೋದರೆ ತಿಳಿಯುತ್ತದೆ.) ಅವಳ ಮೈದುನನ ಮಗುವಿಗೆ ತೊಟ್ಟಿಲು ಕಾರ್ಯ. ನಾನು ಹೊಸಪೇಟೆಯಿಂದ ಬೆಳಗಿನ ಬಸ್ಸಿಗೆ ಹೋದೆ. ಕಾಲುವೆ ಪಕ್ಕದ ಭತ್ತದ ಗದ್ದೆಗಳನ್ನು ನೋಡುತ್ತ ಹೋಗುವ ಆ ದಾರಿ ನನಗೆ ಇಷ್ಟ. ವಾರವಿಡೀ ಹೈಸ್ಕೂಲ್ ಹುಡುಗರಿಗೆ ಇಂಗ್ಲಿಷ್ ಕಲಿಸಿ ಒಣಗಿದ ಗಂಟಲಿಗೆ ಒಂದು ದಿನ ಹೋಳಿಗೆ ತುಪ್ಪ ಸಿಕ್ಕರೆ ಯಾರು ಬೇಡ ಅಂತಾರೆ?

ಊಟವಾಯಿತು. ತೊಟ್ಟಿಲು ತೂಗಿದ್ದಾಯಿತು. ಆಮೇಲೆ ನಿಜವಾದ ಕಾರ್ಯಕ್ರಮ: ವಿಸಿಆರ್. (ನಮ್ಮ ಕಡೆ ಈಗ ತೊಟ್ಟಿಲಿರಲಿ, ಬಸುರಿಯ ಕುಬಸವಿರಲಿ, ಬಾಡಿಗೆಗೆ ಕಲರ್ ಟಿವಿ, ವಿಸಿಆರ್ ತರದಿದ್ದರೆ ಬೀಗರು ಮುಖ ಊದಿಸುತ್ತಾರೆ. ಕಾಲುವೆ ನೀರು ನಮಗೆ ಬರೀ ಭತ್ತ ಕೊಟ್ಟಿಲ್ಲ, ಇಂಥ ಹಟಗಳನ್ನೂ ಕೊಟ್ಟಿದೆ.) ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದರು. ಹೆಂಗಸರು ನೆಲದ ಮೇಲೆ, ಗಂಡಸರು ಕುರ್ಚಿಗಳ ಮೇಲೆ. ಗೌರಕ್ಕನ ಅತ್ತೆಗೆ ಎಲ್ಲರಿಗಿಂತ ಮುಂದೆ, ಗೋಡೆಗೆ ಒರಗಿಕೊಳ್ಳಲು ದಿಂಬಿನ ಸಮೇತ ಜಾಗ.

ಹಿರಿಯರಿಗಾಗಿ ಮೊದಲು ದೇವರ ಸಿನಿಮಾ ಹಾಕಬೇಕು. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ದೇವಿ ಇದ್ದಳು, ತ್ರಿಶೂಲವಿತ್ತು. ಒಳಗಿನಿಂದ ಬಂದದ್ದು ಕಪ್ಪು-ಬಿಳುಪಿನ ಇಂಗ್ಲಿಷ್ ಸಿನಿಮಾ.

"ಟಿವಿ ಕೆಟ್ಟೈತಿ. ಬಣ್ಣಾನ ಬರವಲ್ದು" ಅಂದರು ಅತ್ತೆ.

ಟಿವಿ ಕೆಟ್ಟಿರಲಿಲ್ಲ. ಹೊಸಪೇಟೆಯ ಕ್ಯಾಸೆಟ್ ಅಂಗಡಿಯವನು ಡಬ್ಬಿ ಅದಲುಬದಲು ಮಾಡಿದ್ದ. ನಮ್ಮಲ್ಲಿ ಇಂಗ್ಲಿಷ್ ಕ್ಯಾಸೆಟ್ ಒಯ್ಯುವವರು ಸಂಡೂರಿನ ಗಣಿ ಆಫೀಸರುಗಳ ಮನೆಯವರೇ. (ಅಲ್ಲಿ ಯಾವನೋ ಸಾಹೇಬ ಅದೇ ಹೊತ್ತಿಗೆ ದೇವಿ ಮಹಾತ್ಮೆ ನೋಡುತ್ತ ಕೂತಿರಬೇಕು. ಅವನಿಗೂ ಒಳ್ಳೆಯದಾಗಲಿ.)

ನನಗೆ ಮಾತ್ರ ಪರದೆಯ ಮೇಲಿನ ಹೆಸರು ನೋಡಿ ರೋಮಾಂಚನ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಲೆಕ್ಚರರ್ ಪ್ರತಿ ವರ್ಷ ಹೇಳುತ್ತಿದ್ದ ಸಿನಿಮಾ ಅದು. "ಸಸ್ಪೆನ್ಸ್ ಅಂದ್ರೆ ಅದಪ್ಪಾ. ಕ್ಲಾಸಿಕ್" ಅನ್ನುತ್ತಿದ್ದರು. ಇಷ್ಟು ವರ್ಷ ಹೆಸರು ಕೇಳಿದ್ದೇ ಬಂತು, ನೋಡುವ ಯೋಗ ಬಂದಿರಲಿಲ್ಲ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. (ಬರೆದರೆ ನೀವು ಅಂಗಡಿಗೆ ಓಡುತ್ತೀರಿ. ಕೊನೆಯನ್ನು ನಾನು ಆಗಲೇ ಹೇಳಿಬಿಟ್ಟಿರುತ್ತೇನೆ.)

"ಇದು ಭಾಳ ಚಲೋ ಸಿನಿಮಾ. ಇರ್ಲಿ ಬಿಡ್ರಿ, ನಾ ಅರ್ಥ ಹೇಳ್ತೀನಿ" ಅಂದೆ. ಆಸೆ ನನ್ನದು.

ಕತೆ ಇಷ್ಟು. ದೊಡ್ಡ ಮನೆ. ಗಂಡ, ಹೆಂಡತಿ. ಮನೆ ಹೆಂಡತಿಯದು, ಅವಳ ಅಪ್ಪ ಬಿಟ್ಟು ಹೋದದ್ದು. ಅವಳು ಒಬ್ಬಳೇ ಇದ್ದಾಗ ಫೋನು ಹೊಡೆದುಕೊಳ್ಳುತ್ತದೆ. ಎತ್ತಿದರೆ ಏನೂ ಇಲ್ಲ, ಸತ್ತ ಫೋನು. ಗಂಡನಿಗೆ ಹೇಳುತ್ತಾಳೆ. ಅವನು ಅವಳ ತಲೆ ಸವರಿ, ಪ್ರೀತಿಯಿಂದ, "ಆ ಫೋನಿನ ವೈರು ಕತ್ತರಿಸಿ ತಿಂಗಳಾಯಿತಲ್ಲ ಚಿನ್ನ, ಅದು ಹೇಗೆ ಹೊಡೆದುಕೊಂಡೀತು?" ಅನ್ನುತ್ತಾನೆ.

ನಾನು ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಪಡಸಾಲೆ ಎದ್ದು ಕೂತಿತು.

"ಹೊಡೀತಲ್ಲೋ! ನಾವೂ ಕೇಳೀವಿ!"

"ಗಂಟಿ ಹೊಡದದ್ದು ಖರೇ ಐತಿ, ನಾವ್ ಸಾಕ್ಷಿ!"

ಗೌರಕ್ಕನ ಅತ್ತೆ ದಿಂಬು ಬಿಟ್ಟು ಮುಂದೆ ಸರಿದರು. "ಅಯ್ಯ, ಅದೇನ್ ನಯವಾಗಿ ಮಾತಾಡ್ತಾನವ್ವ. ಇವನ ಏನೋ ಮಾಡಾಕತ್ಯಾನ ನೋಡ್ರಿ. ನಾ ಈಗ ಹೇಳ್ತೀನಿ, ಕಳ್ಳ ಇವನ!"

ಹತ್ತು ನಿಮಿಷ ಆಗಿರಲಿಲ್ಲ. ಇಂಗ್ಲಿಷಿನ ಎ ಬಿ ಸಿ ಬಾರದ ಅತ್ತೆ ಕಳ್ಳನನ್ನು ಹಿಡಿದುಬಿಟ್ಟಿದ್ದರು. ನಮ್ಮ ಲೆಕ್ಚರರ್ ಹೇಳಿದ ಸಸ್ಪೆನ್ಸ್ ಅಲ್ಲಿಗೆ ಮುಗಿಯಿತೇ ಅಂದುಕೊಂಡೆ. ಇಲ್ಲ. ಅದು ಶುರುವಾದದ್ದು ಆಮೇಲೆ.

ಸಿನಿಮಾ ಮುಂದುವರಿಯಿತು. ಹೆಂಡತಿ ಹೆದರುತ್ತ ಹೋದಳು. ಮನೆಗೆ ಬಂದವರ ಮುಂದೆ ಗಂಡ, "ಪಾಪ, ಅವಳಿಗೆ ಏನೇನೋ ಕೇಳಿಸುತ್ತದೆ" ಅನ್ನತೊಡಗಿದ. ಬಂದವರೆಲ್ಲ ಅವಳನ್ನು ಕನಿಕರದಿಂದ ನೋಡತೊಡಗಿದರು. ಒಂದು ದೃಶ್ಯದಲ್ಲಿ ಅವನು ಡಾಕ್ಟರ ಹತ್ತಿರ ಕೂತು ಮಾತಾಡುತ್ತಾನೆ. ನಾನು ಹೇಳುತ್ತ ಹೋದೆ: "ಆಕಿ ಬುದ್ಧಿ ಸ್ಥಿರ ಇಲ್ಲ ಅಂತ ನೀವು ಬರದು ಕೊಡ್ರಿ, ಮನಿ ವ್ಯವಹಾರ ಎಲ್ಲಾ ನಾ ನೋಡ್ಕೊಂತೀನಿ ಅಂತಾನ. ಮನಿ ಮಾರಬೇಕಂತ ಅವಂಗ..."

"ಏನಂದ? ಇನ್ನೊಮ್ಮಿ ಹೇಳವ್ವ."

ದನಿ ಹಿಂದಿನಿಂದ ಬಂತು. ಅಡಿಗೆಮನೆಯ ಹೊಸ್ತಿಲಿಗೆ ಆಚೆಯೂ ಅಲ್ಲ, ಈಚೆಯೂ ಅಲ್ಲ ಎಂಬಂತೆ ಗೌರಕ್ಕ ಕೂತಿದ್ದಳು.

ಅವಳು ಅಲ್ಲಿ ಯಾಕೆ ಕೂತಿದ್ದಳು ಅಂತ ಹೇಳಬೇಕು. ಗೌರಕ್ಕ ಆ ಮನೆಯ ಹಿರಿಯ ಸೊಸೆ. ಆದರೆ ಅಡಿಗೆಮನೆಯೊಳಗೆ ಹೋಗುವಂತಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವಾಗ ಎಲ್ಲ ಹೆಂಗಸರ ಕೈಗೂ ಮಗು ಬಂತು, ನನ್ನ ಕೈಗೂ ಬಂತು, ಅವಳ ಕೈಗೆ ಬರಲಿಲ್ಲ. ಅವಳು ಕೈ ಚಾಚಿದಳು. ಮಗುವಿನ ತಾಯಿ, ಕಿರಿಯ ಸೊಸೆ, ಸುಮ್ಮನೆ ಇನ್ನೊಂದು ಕಡೆ ತಿರುಗಿದಳು. ಗೌರಕ್ಕ ಚಾಚಿದ ಕೈಯಿಂದ ತನ್ನ ಸೆರಗು ಸರಿಮಾಡಿಕೊಂಡಳು. ನಾನು ನೋಡಿದೆ.

ಕಾರಣ ನಮ್ಮ ಬಳಗಕ್ಕೆಲ್ಲ ಗೊತ್ತು. ಗೌರಕ್ಕನಿಗೆ ತಲೆ ಸರಿಯಿಲ್ಲ. ಗ್ಯಾಸ್ ಒಲೆ ಹಚ್ಚಿಟ್ಟು ಮಲಗಿಬಿಡುತ್ತಾಳೆ. ಬೆಳಿಗ್ಗೆ ಎದ್ದು ನೋಡಿದರೆ ಒಲೆ ಉರಿಯುತ್ತಿರುತ್ತದೆ, ಮೇಲೆ ಪಾತ್ರೆ ಇರುವುದಿಲ್ಲ. ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ ಸಿಗುತ್ತದೆ. ಕೇಳಿದರೆ "ನಾ ಅಲ್ಲ" ಅನ್ನುತ್ತಾಳೆ. ಕೂಸಿರುವ ಮನೆ, ಬೆಂಕಿಯ ವಿಷಯ, ಯಾರು ತಾನೇ ಹೆದರುವುದಿಲ್ಲ? ಎರಡು ವರ್ಷದಿಂದ ಇದೇ ಸುದ್ದಿ. ಹೇಳುವವರೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ಪಾಪ, ಗಂಡ ದೇವರಂಥಾಂವ. ಒಂದಿನ ಗದರಿಲ್ಲ."

ಈಗ ಇನ್ನೊಂದು ವಿಷಯ. ಇದೂ ಬಳಗಕ್ಕೆಲ್ಲ ಗೊತ್ತು. ಆದರೆ ಇದನ್ನು ಅದರ ಪಕ್ಕದಲ್ಲಿಟ್ಟು ಯಾರೂ ನೋಡಿರಲಿಲ್ಲ. ಗೌರಕ್ಕನ ಅಪ್ಪ ಮದುವೆಯಲ್ಲಿ ಅವಳಿಗೆ ಅರಿಶಿನ-ಕುಂಕುಮಕ್ಕೆ ಅಂತ ಮೂರು ಎಕರೆ ಕೊಟ್ಟಿದ್ದರು. ಕಾಲುವೆಯ ಮಗ್ಗುಲಿಗಿರುವ ನೆಲ, ಎರಡು ಬೆಳೆ. ಅದು ಅವಳ ಹೆಸರಿನಲ್ಲೇ ಇದೆ. ಅವಳ ಗಂಡನಿಗೆ, ಅಂದರೆ ನನ್ನ ಭಾವನಿಗೆ, ಅದನ್ನು ಮಾರಿ ಲಾರಿ ತಂದು ಸಂಡೂರಿನ ಅದಿರಿಗೆ ಹಚ್ಚಬೇಕೆಂಬ ಆಸೆ. ಗೌರಕ್ಕ ಸಹಿ ಹಾಕಲಿಲ್ಲ. "ಅಪ್ಪ ಕೊಟ್ಟ ಮಣ್ಣು ಮಾರಂಗಿಲ್ಲ" ಅಂದಳು. ಅದು ಎರಡು ವರ್ಷದ ಹಿಂದೆ.

ಟಿವಿಯಲ್ಲಿ ಡಾಕ್ಟರು ಪೆನ್ನು ತೆಗೆದ. ನಾನು ಇನ್ನೊಮ್ಮೆ ಹೇಳಿದೆ, ಈ ಸಲ ನಿಧಾನವಾಗಿ: "ಆಕಿಗೆ ಬುದ್ಧಿ ಸ್ಥಿರ ಇಲ್ಲ ಅಂತ ಬರದು ಕೊಡ್ರಿ ಅಂತಾನ. ಆಸ್ತಿ ಆಕಿ ಹೆಸರಿಗೈತಿ."

ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳಿಸಿತು. ನಾನು ಇಂಗ್ಲಿಷ್ ಕತೆ ಹೇಳುತ್ತಿದ್ದೇನೆಯೇ ಅಥವಾ ಈ ಮನೆಯದೇ?

ಕುರ್ಚಿಯ ಮೇಲೆ ಕೂತಿದ್ದ ಭಾವ ಎದ್ದು ನಿಂತರು. "ಸಾಕು, ಬಂದ್ ಮಾಡ್ರಿ. ಏನಿದು, ಮಂಗಳ ಕಾರ್ಯದ ಮನ್ಯಾಗ ಹುಚ್ಚರ ಸಿನಿಮಾ! ಬ್ಯಾರೆ ಕ್ಯಾಸೆಟ್ ಹಾಕ್ರಿ."

ಅವರನ್ನು ಗದರಿದವರು ಯಾರು ಗೊತ್ತೇ? ಅವರ ತಾಯಿಯೇ.

"ಕುಂದ್ರಲೇ! ಆ ಹಲ್ಕಟ್ ಸಿಕ್ಕಿಬೀಳೋದು ನೋಡಬೇಕು ನಾ. ಹೇಳವ್ವ ಟೀಚರಮ್ಮ, ನೀ ಹೇಳು."

ಭಾವ ಕೂರಲಿಲ್ಲ. ಎಲೆ ಅಡಿಕೆ ತರುತ್ತೇನೆ ಅಂತ ಹೊರಗೆ ಹೋದರು.

ಕೊನೆ ಹೇಳುತ್ತೇನೆ. ಫೋನು ರಿಪೇರಿಯವನ ವೇಷದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಆ ಮನೆಗೆ ಬರುತ್ತಾನೆ. ಗೋಡೆಯ ಹತ್ತಿರ ಮೊಣಕಾಲೂರಿ ಕೂತು ಕತ್ತರಿಸಿದ ವೈರನ್ನು ಕೈಯಲ್ಲಿ ಹಿಡಿದಿದ್ದಾನೆ. ಆ ಹೊತ್ತಿಗೆ ಗಂಟೆ ಹೊಡೆಯುತ್ತದೆ. ವೈರಿನ ತುದಿ ಅವನ ಕೈಯಲ್ಲೇ ಇದೆ, ಗಂಟೆ ಹೊಡೆಯುತ್ತಲೇ ಇದೆ. ಅವನು ತಲೆ ಎತ್ತಿ ಅವಳನ್ನು ನೋಡಿ, "ನನಗೂ ಕೇಳಿಸಿತು" ಅನ್ನುತ್ತಾನೆ.

ಅಷ್ಟೇ ಮಾತು. ಆ ಹೆಂಗಸು ಕುಸಿದು ಕೂತು ಅಳುತ್ತಾಳೆ. ಗಂಡ ತನ್ನ ಕೋಣೆಯ ಗೋಡೆಯಲ್ಲಿ ಬಚ್ಚಿಟ್ಟ ಬೇರೆ ಗಂಟೆ, ಅದರ ಸ್ವಿಚ್ಚು, ಎಲ್ಲ ಆಮೇಲೆ ಸಿಗುತ್ತದೆ.

ಪಡಸಾಲೆಯಲ್ಲಿ ಚಪ್ಪಾಳೆ. ಸೆರಗಿನಿಂದ ಕಣ್ಣೊರೆಸಿಕೊಂಡವರೂ ಇದ್ದರು. ಅತ್ತೆ ಟಿವಿಯ ಹತ್ತಿರ ಹೋಗಿ ಆ ಬಿಳಿ ಹೆಂಗಸಿನ ಮುಖಕ್ಕೆ ಕೈ ನೀವಾಳಿಸಿ ನೆಟಿಕೆ ಮುರಿದರು. "ನನ ಕೂಸ, ಎಷ್ಟು ತ್ರಾಸ ತಿಂದ್ಯವ್ವ" ಅಂದರು.

ಆಮೇಲೆ ಹಿಂದಕ್ಕೆ ತಿರುಗಿ ಹೇಳಿದರು: "ಗೌರಾ, ಒಲಿ ಹತ್ರ ಹೋಗಬ್ಯಾಡ. ಚಾ ಸಣ್ಣಾಕಿ ಮಾಡ್ತಾಳ."

ಒಂದೇ ಬಾಯಿ. ನಡುವೆ ಉಸಿರು ಕೂಡ ತೆಗೆದುಕೊಳ್ಳಲಿಲ್ಲ.

ನನಗೆ ಸಿಟ್ಟು ಬಂತು. ಅತ್ತೆ ಕೆಟ್ಟವರಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಪಕ್ಕ ಕೂತು ಮೆತ್ತಗೆ ಕೇಳಿದೆ: "ಅತ್ತಿ, ಸಿನಿಮಾದಾಗ ಆ ಗಂಡ ಮಾಡಿದಂಗ, ನಮ್ಮ ಮನ್ಯಾಗೂ ಯಾರರ..."

ಅತ್ತೆ ನನ್ನ ಮುಖವನ್ನೇ ನೋಡಿದರು. ಅರ್ಥವಾಯಿತು ಅವರಿಗೆ. ಆಗದೆ ಏನು? ಹತ್ತು ನಿಮಿಷದಲ್ಲಿ ಇಂಗ್ಲಿಷ್ ಕಳ್ಳನನ್ನು ಹಿಡಿದವರು.

"ಅದು ಸಿನಿಮಾ ಐತವ್ವ. ಅಲ್ಲಿ ಗಂಟಿ ಹೊಡದದ್ದು ನಾವು ಕೇಳೀವಿ. ಇಲ್ಲಿ ಯಾರು ನೋಡ್ಯಾರ? ನನ ಮಗ ಅಂಥಾಂವಲ್ಲ" ಅಂದು ಎದ್ದು ಹೋದರು.

ಗೌರಕ್ಕ ಹಿತ್ತಲಲ್ಲಿ ಇದ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅಳುತ್ತಿರುತ್ತಾಳೆ ಅಂದುಕೊಂಡು ಹೋದೆ. ಅಳುತ್ತಿರಲಿಲ್ಲ.

"ಆ ಪೊಲೀಸಪ್ಪ ಬರದಿದ್ರ ಆಕಿ ಗತಿ ಏನಾಕ್ಕಿತ್ತು?" ಅಂತ ಕೇಳಿದಳು.

ನಾನು ಅವಳ ಪಕ್ಕದಲ್ಲಿ ಕೂತೆ.

"ನಾನೂ ಅವರನ್ನ ಹಿಡಿಯಾಕ ನೋಡಿದೆನವ್ವ. ಈ ಸಿನಿಮಾಕಿಂತ ಮದಲ" ಅಂದಳು.

ನಮ್ಮ ಕಡೆಯ ಕಣ ನೋಡಿದವರಿಗೆ ಗೊತ್ತು. ಭತ್ತ ತೂರಿ ರಾಶಿ ಮಾಡಿದ ಮೇಲೆ, ಅಳೆದು ಮನೆಗೆ ಒಯ್ಯುವ ತನಕ ರಾಶಿಯ ಮೇಲೆ ಬೂದಿಯಿಂದ ಗೆರೆ ಹಾಕಿ ಗುರುತು ಮಾಡುತ್ತಾರೆ. ಯಾರಾದರೂ ಒಂದು ಬೊಗಸೆ ಎತ್ತಿದರೂ ಭತ್ತ ಜರಿದು ಗೆರೆ ಕೆಡುತ್ತದೆ. ಬೆಳಿಗ್ಗೆ ರೈತ ಬಂದು ಮೊದಲು ನೋಡುವುದು ಆ ಗೆರೆ. ಅದು ಕೆಟ್ಟಿದ್ದರೆ ಇಡೀ ಕಣ ಅವನ ಮಾತು ನಂಬುತ್ತದೆ. ಗೌರಕ್ಕ ಅಪ್ಪನ ಹಿಂದೆ ಕಣದಲ್ಲಿ ಬೆಳೆದವಳು. ಹೋದ ತಿಂಗಳು ಒಂದು ಸಂಜೆ ನೀರೊಲೆಯ ಬೂದಿ ತಂದು, ಆರಿಸಿದ ಗ್ಯಾಸ್ ಒಲೆಯ ತಿರುಗಿಸುವ ಗುಂಡಿಗೆ ತೆಳ್ಳಗೆ ಸವರಿ, ಮುಂದೆ ಮೂರು ಗೆರೆ ಎಳೆದು ಮಲಗಿದಳು.

ಬೆಳಿಗ್ಗೆ ಒಲೆ ಉರಿಯುತ್ತಿತ್ತು. ಗೆರೆ ಕೆಟ್ಟಿತ್ತು. ಸ್ನಾನಕ್ಕೆ ಹೋಗುವಾಗ ಭಾವ ಒಗೆಯಲು ಎಸೆದ ಲುಂಗಿಯ ಅಂಚಿನಲ್ಲಿ ಬೂದಿ ಇತ್ತು, ಬೆರಳು ಒರೆಸಿದಂತೆ.

"ಮನಿ ಮಂದೀನೆಲ್ಲ ಕರದು ತೋರಿಸಿದೆ" ಅಂದಳು. "ಅತ್ತಿ ಒಲಿ ಮ್ಯಾಲಿನ ಬೂದಿ ನೋಡಿ ಎದಿ ಎದಿ ಬಡ್ಕೊಂಡ್ರು. ಮಾಟ ಮಾಡ್ಯಾಳ, ಕೂಸಿನ ಮನ್ಯಾಗ ಬೂದಿ ಹಾಕ್ಯಾಳ ಅಂದ್ರು. ಲುಂಗಿ ತೋರಿಸಿದ್ರ, ಬೂದಿ ತಂದಾಕಿ ನೀನ, ಹಚ್ಚಿದಾಕಿನೂ ನೀನ ಅಂದ್ರು. ಅವತ್ತಿಂದ ಅಡಗಿಮನಿ ಬಂದ್. ಅಲ್ಲೀತನ ಬರೇ ಮರುವು ಇತ್ತು ನನಗ. ಅವತ್ತಿಂದ ಹುಚ್ಚು."

ಕಣದಲ್ಲಿ ರೈತ ಹಾಕಿದರೆ ಅದು ಕಾವಲು. ಅಡಿಗೆಮನೆಯಲ್ಲಿ ಅವನ ಮಗಳು ಹಾಕಿದರೆ ಮಾಟ. ಹೇಳಿ, ಇದಕ್ಕೆ ಯಾವ ಪೊಲೀಸಪ್ಪ ಬರುತ್ತಾನೆ? ಬಂದರೂ ಏನಂತ ಕಂಪ್ಲೇಂಟ್ ಕೊಡುವುದು? ಮನೆಯಲ್ಲಿ ಒಲೆ ಉರಿಯುತ್ತಿತ್ತು ಅಂತಲೇ?

ಅವಳು ಒಳಗೆ ಹೋಗಿ ಟ್ರಂಕಿನಿಂದ ಆ ಲುಂಗಿ ತಂದಳು. ಒಗೆದಿರಲಿಲ್ಲ. ಬಿಚ್ಚಿ ತೋರಿಸಿದಳು. ಎರಡು ದಪ್ಪ ಬೆರಳಿನ ಅಗಲದ ಬೂದಿ. ನಾನು ಕಣ್ಣಾರೆ ನೋಡಿದೆ. ಅವಳ ಬೆರಳು ಸಣ್ಣವು.

"ಬರೋ ಗುರುವಾರ ಬಳ್ಳಾರಿಗೆ ಕರ್ಕೊಂಡು ಹೊಂಟಾರ. ದೊಡ್ಡ ಡಾಕ್ಟರ್ ಕಡೆ. ಏನೋ ಬರಿಸಿಕೊಂಡು ಬರ್ತಾರಂತ. ಇವತ್ತು ನೀ ಹೇಳಿದ ಮ್ಯಾಲೆ ತಿಳೀತು, ಏನು ಬರಸ್ತಾರ ಅಂತ."

"ನನ ಜೋಡಿ ಈಗ ಹೊಸಪ್ಯಾಟಿಗೆ ನಡಿ ಅಕ್ಕ" ಅಂದೆ.

"ಹೋದ್ರ ಹುಚ್ಚಿ ಓಡಿಹೋದ್ಲು ಅಂತಾರ. ಹೊಲಾನೂ ಹೋತು, ನಾನೂ ಹೋದೆ." ಲುಂಗಿ ಮಡಚುತ್ತ ಕೇಳಿದಳು: "ನೀ ಪೇಪರ್ನಾಗ ಬರೀತೀಯಲ್ಲ. ಆ ಪೇಪರ್ ಕಂಪ್ಲಿಗೆ ಬರ್ತೈತೇನು?"

ಬರುತ್ತದೆ ಅಂದೆ. ಬೆಳಗಿನ ಬಸ್ಸಿಗೆ ಕಟ್ಟು ಬರುತ್ತದೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಟ್ಟಿಯಾಗಿ ಓದುವವರೂ ಇದ್ದಾರೆ.

"ಹಂಗಾರ ಬರಿ. ಹೆಸರು ಬದ್ಲಿ ಮಾಡು. ಊರು ಬದ್ಲಿ ಮಾಡಬ್ಯಾಡ."

"ಓದಿದ್ರ ಹೊಡೀತಾರಕ್ಕ."

"ಹೊಡೀಲಿ" ಅಂದಳು. "ಹೊಡದ್ರ ಬಾಸುಂಡಿ ಏಳತಾವ. ಎಲ್ಲಾರಿಗೂ ಕಾಣತಾವ."

ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಅಂಕಣದಲ್ಲಿ ಏನೇನೋ ಬರೆದಿದ್ದೇನೆ. ಇಂಥ ಮಾತು ನನಗೆ ಹೊಳೆದಿಲ್ಲ. ಹೊಳೆಯುವುದು ಬೇಡ ಕೂಡ. ಪೆಟ್ಟು ತಿನ್ನುವುದೇ ವಾಸಿ ಅನ್ನಿಸುವಷ್ಟು ಒಂದು ಹೆಣ್ಣನ್ನು ಪ್ರೀತಿಯ ಮಾತಿನಿಂದಲೇ ಕೊರೆಯಬಹುದು ಅಂತ ನನಗೆ ತಿಳಿದಿರಲಿಲ್ಲ.

ಸಂಜೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟವರು ಭಾವನೇ. ಬೇಡ ಅಂದರೂ ಸ್ಕೂಟರ್ ತೆಗೆದರು. ತೆಂಗಿನಕಾಯಿ, ಬಾಳೆಹಣ್ಣಿನ ಚೀಲ ಅವರೇ ಹಿಡಿದುಕೊಂಡರು. ದಾರಿಯಲ್ಲಿ ನನ್ನ ಕೆಲಸ, ಮನೆ, ಆರೋಗ್ಯ ಎಲ್ಲ ವಿಚಾರಿಸಿದರು. ಇಡೀ ಬಳಗ ಅವರನ್ನು ದೇವರಂಥವನು ಅನ್ನುವುದು ಸುಳ್ಳಲ್ಲ. ನನಗೆ ಮಾತ್ರ ಅವರ ಬೆರಳುಗಳ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ.

ಬಸ್ಸು ಇನ್ನೂ ಬಂದಿರಲಿಲ್ಲ. ಭಾವ ಎಲೆಗೆ ಸುಣ್ಣ ಹಚ್ಚುತ್ತ, ತೀರ ಸಹಜವಾಗಿ ಕೇಳಿದರು:

"ಟೀಚರ್ರ, ನಾ ಅರ್ಧಕ್ಕ ಎದ್ದು ಹೋದೆ ನೋಡ್ರಿ. ಕೊನಿಗೆ ಏನಾತು?"

"ಸಿಕ್ಕಿಬಿದ್ದ" ಅಂದೆ.

ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿದರು. ನಕ್ಕರು.

"ಎಲ್ಲಿ ತಪ್ಪಿದ ಅವ?"

ಸಿನಿಮಾ ನೋಡಿದ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಹೆಂಗಸರೆಲ್ಲ "ಆಕಿ ಬದುಕ್ತಾಳಿಲ್ಲೋ?" ಅಂತ ಕೇಳಿದ್ದರು. ಅಷ್ಟರಲ್ಲಿ ಹೊಸಪೇಟೆ ಬಸ್ಸು ಬಂತು. ನಾನು ಉತ್ತರ ಹೇಳದೆ ಹತ್ತಿದೆ. ಕಿಟಕಿಯಿಂದ ನೋಡಿದರೆ ಭಾವ ಇನ್ನೂ ಅಲ್ಲೇ ನಿಂತು, ದೊಡ್ಡ ಮನಸ್ಸಿನಿಂದ ಕೈ ಬೀಸುತ್ತಿದ್ದರು.

ಇವತ್ತು ಬುಧವಾರ. ಈ ಬರಹ ನಿಮ್ಮ ಕೈಯಲ್ಲಿರುವ ಹೊತ್ತಿಗೆ ಕಂಪ್ಲಿಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಯಾರೋ ಇದನ್ನು ಗಟ್ಟಿಯಾಗಿ ಓದುತ್ತಿರುತ್ತಾರೆ. ಅತ್ತೆಗೂ ಯಾರಾದರೂ ಓದಿ ಹೇಳಿಯಾರು. ಹೇಳಲಿ. ಅತ್ತೆಯವರ ಬುದ್ಧಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ನಾಳೆಗೆ ನಾನು ಶಾಲೆಗೆ ರಜೆ ಹಾಕಿದ್ದೇನೆ. ಬಳ್ಳಾರಿಯ ಆ ಡಾಕ್ಟರ ಬಾಗಿಲಲ್ಲಿ ಗೌರಕ್ಕನ ಪಕ್ಕ ನಾನೂ ಕೂತಿರುತ್ತೇನೆ, ಕೈಯಲ್ಲಿ ಒಗೆಯದ ಒಂದು ಲುಂಗಿ ಹಿಡಿದುಕೊಂಡು. (ಹೌದು, ಬಾಳೆಹಣ್ಣಿನ ಕೆಳಗೆ ಅದೇ ಚೀಲದಲ್ಲಿತ್ತು. ಸ್ಕೂಟರಿನ ಮೇಲೆ ನೀವೇ ಹಿಡಿದುಕೊಂಡು ಬಂದಿರಿ.)

ಭಾವ, ಅವನು ಎಲ್ಲಿ ತಪ್ಪಿದ ಅಂತ ಕೇಳಿದಿರಲ್ಲ: ಗಂಟೆ ಹೊಡೆದದ್ದು ನಮಗೂ ಕೇಳಿಸಿತು.